ವೈನಿಯನ್ನು ಕಾಲೇಜಿಗೆ ಹಚ್ಚಿ ಬಂದದ್ದು

ಜೂನ್ ತಿಂಗಳ ಒಂದು ಬುಧವಾರ ಬೆಳಿಗ್ಗೆ ನಾನೂ ನನ್ನ ವೈನಿಯೂ ಬ್ಯಾಡಗಿಯಿಂದ ಹಾವೇರಿಯ ಬಸ್ಸು ಹಿಡಿದೆವು. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಹಾವೇರಿ ಆಗಿನ್ನೂ ಧಾರವಾಡ ಜಿಲ್ಲೆಯ ಒಂದು ತಾಲೂಕಾಗಿತ್ತು. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಆಗಷ್ಟೇ ಊರಿಗೆ ಮರಳಿದ್ದೆ. ಆದರೆ ಈ ಸಲ ಕಾಲೇಜು ಸೇರಲು ಹೊರಟವಳು ನಾನಲ್ಲ, ವೈನಿ.

ವೈನಿ ಹಾವೇರಿಯಲ್ಲಿ ಪಿ.ಯು.ಸಿ. ವಿಜ್ಞಾನ ಓದಿ ಪಾಸಾಗಿದ್ದರು. ಅದೇ ಬೇಸಿಗೆಯಲ್ಲಿ ಮದುವೆಯಾಯಿತು. ಹನ್ನೆರಡು ವರ್ಷದ ಮೇಲೆ, ಕಿರಿಯ ಮಗಳು ಶಾಲೆಯಲ್ಲಿ ಒಂದನೆಯ ಇಯತ್ತೆಗೆ ಹೋದ ವಾರ, ಅಣ್ಣನಿಗೆ ಊಟ ಬಡಿಸುತ್ತ ತಾವು ಬಿ.ಎಸ್ಸಿ. ಮಾಡಬೇಕೆಂದು ಹೇಳಿದರು. ಅಣ್ಣನದು ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ. ಅವನು ತುತ್ತು ಮುಗಿಸಿ, ಹೋಗುವುದಾದರೆ ಹೋಗು, ಅರ್ಧಕ್ಕೆ ಬಿಡಬೇಡ ಎಂದ. ನಮ್ಮ ತಂದೆಯ ತಾಯಿ, ಆಯಿ, ಅಲ್ಲೇ ಗೋಡೆಗೆ ಒರಗಿ ಕೂತಿದ್ದಳು. ಮೂರು ವರ್ಷ ಬಸ್ಸಿನಲ್ಲಿ ಕೂತರೆ ಸೊಂಟ ಉಳಿಯುವುದಿಲ್ಲ ಎಂದಷ್ಟೇ ಹೇಳಿದಳು. ಅದು ಒಪ್ಪಿಗೆಯೋ ಅಲ್ಲವೋ ಯಾರಿಗೂ ತಿಳಿಯಲಿಲ್ಲ.

ನಮ್ಮೂರಿನಲ್ಲಿ ವಿಜ್ಞಾನದ ಪದವಿ ಇರಲಿಲ್ಲ. ಅದಕ್ಕೆ ರಾಣೆಬೆನ್ನೂರಿಗೆ ಹೋಗಬೇಕು. ಅರ್ಜಿಗೆ ಗುರುವಾರ ಕೊನೆಯ ದಿನ. ಹಳೆಯ ಕಾಲೇಜಿನ ಟಿ.ಸಿ. ಹಾವೇರಿಯಲ್ಲಿ, ಮಾರ್ಕ್ಸ್ ಕಾರ್ಡು ವೈನಿಯ ತವರು ಕರ್ಜಗಿಯಲ್ಲಿ. ಎರಡನ್ನೂ ತೆಗೆದುಕೊಂಡು ಮರುದಿನ ರಾಣೆಬೆನ್ನೂರು ಮುಟ್ಟುವುದು ನಮ್ಮ ಯೋಜನೆ. ಗುರುವಾರ ಪೇಟೆಯಲ್ಲಿ ಮೆಣಸಿನಕಾಯಿ ಹರಾಜಾಗುವ ಟೆಂಡರಿನ ದಿನವಾದ್ದರಿಂದ ಅಣ್ಣ ಬರುವಂತಿರಲಿಲ್ಲ. ಅರ್ಜಿಯನ್ನು ನಾನು ಹೊರಡುವ ಹಿಂದಿನ ದಿನವೇ ಮನೆಯಲ್ಲಿ ಕೂತು, ಚಿತ್ತಿಲ್ಲದೆ, ಒಳ್ಳೆಯ ಅಕ್ಷರದಲ್ಲಿ ತುಂಬಿದ್ದೆ. ಪಾಲಕರು ಎಂಬಲ್ಲಿ ಅಣ್ಣ ಸಹಿ ಹಾಕಿ ಫೀಸಿನ ಹಣವನ್ನೂ ಕೊಟ್ಟಿದ್ದ. ಯೂನಿವರ್ಸಿಟಿಯಲ್ಲಿ ಐದಾರು ವರ್ಷ ಇಂಥ ಅರ್ಜಿಗಳನ್ನು ತುಂಬಿದವಳು ನಾನು. ನನಗೆ ಸಂಶಯವೇ ಇರಲಿಲ್ಲ.

ಬಸ್ಸು ಮೋಟೆಬೆನ್ನೂರಿನಲ್ಲಿ ದೊಡ್ಡ ರಸ್ತೆಗೆ ಬಿದ್ದು ಉತ್ತರಕ್ಕೆ ತಿರುಗಿತು. ಟಿಕೆಟ್ಟು ತಲೆಗೆ ಮೂರು ರೂಪಾಯಿ. ಎರಡು ಮಳೆ ಆಗಿದ್ದವು. ಎರಡೂ ಕಡೆ ಎರೆ ಹೊಲಗಳು ಕಪ್ಪಗೆ, ಬಿತ್ತಿಗೆಗೆ ಸಿದ್ಧವಾಗಿದ್ದವು. ವೈನಿ ಕಿಟಕಿಯ ಕಡೆ ಕೂತು ತಲೆಯ ಮೇಲಿನ ಸೆರಗನ್ನು ಹಿಡಿದುಕೊಂಡೇ ಇದ್ದರು.

ಹಾವೇರಿಯ ಬಸ್ ಸ್ಟ್ಯಾಂಡಿನ ಎದುರು ಬಳೆ ಅಂಗಡಿಗಳ ಸಾಲಿನಲ್ಲಿ ಹೋಗುವಾಗ ಯಾರೋ ಹೆಂಗಸು ಗಟ್ಟಿಯಾಗಿ, ಕಸ್ತೂರಿ, ಏ ಕಸ್ತೂರಿ, ಎಂದು ಕೂಗಿದಳು. ನಾನು ಯಾರನ್ನು ಕರೆಯುತ್ತಿದ್ದಾರೆಂದು ಸುತ್ತ ನೋಡಿದೆ. ಅಷ್ಟರಲ್ಲಿ ನನ್ನ ಪಕ್ಕದಲ್ಲಿದ್ದ ವೈನಿ ತಿರುಗಿ "ಓ" ಎಂದಿದ್ದರು. ನಮ್ಮ ಮನೆಯಲ್ಲಿ ಯಾರು ಕರೆದರೂ ವೈನಿ "ಬಂದೆರಿ" ಎನ್ನುತ್ತಾರೆ. ಹೊಲದ ಆಚೆ ದಂಡೆಯಿಂದ ಕರೆದವರಿಗೆ ಕೊಡುವಂಥ ಈ ಓ ನಾನು ಕೇಳಿದ್ದು ಅದೇ ಮೊದಲು.

ಕರೆದವಳು ಶಮೀಮ್, ಪಿ.ಯು.ಸಿ.ಯಲ್ಲಿ ವೈನಿಯ ಪಕ್ಕದ ಬೆಂಚಿನವಳು. ಈಗ ಗಂಡನೊಂದಿಗೆ ಬಳೆ ಅಂಗಡಿ ನಡೆಸುತ್ತಿದ್ದಳು. ಕಟ್ಟೆಯ ಮೇಲೆ ಜಾಗ ಮಾಡಿ ಕೂರಿಸಿ, ಚಹಾ ತರಿಸಿ, ಎಲ್ಲಿಗೆ ಹೊರಟಿರಿ ಎಂದು ಕೇಳಿದಳು. ಟಿ.ಸಿ. ತರಲು ಎಂದರು ವೈನಿ.

"ಯಾರದು, ಮಗಂದಾ?"

"ನಂದ."

ಶಮೀಮ್ ವೈನಿಯ ಕೈಗೆ ಹಿಡಿದು ನೋಡುತ್ತಿದ್ದ ಹಸಿರು ಬಳೆಗಳನ್ನು ಮರಳಿ ಗೂಟಕ್ಕೆ ಸಿಕ್ಕಿಸಿದಳು. "ಹಂಗಾದ್ರ ನಿನಗ ಬಳಿ ಕೊಡೂದಿಲ್ಲ ಹೋಗು. ಲ್ಯಾಬಿನ್ಯಾಗ ಒಡೀತಾವ. ಪಾಸಾಗಿ ಬಾ, ಮೊಣಕೈ ಮಟ ಇಡಸ್ತೇನಿ."

ನಮ್ಮ ಕಡೆ ಮದುವೆಯಾಗಿ ಬಂದ ಹೆಣ್ಣಿಗೆ ಗಂಡನ ಮನೆಯವರು ಹೊಸ ಹೆಸರಿಡುತ್ತಾರೆ. ತಾಟಿನಲ್ಲಿ ಅಕ್ಕಿ ಹರವಿ, ಉಂಗುರದಿಂದ ಹೆಸರು ಬರೆದು, ಎಲ್ಲರೆದುರು ಕರೆದು ಸಕ್ಕರೆ ಹಂಚುತ್ತಾರೆ. ಅಣ್ಣನ ಮದುವೆಯಲ್ಲಿ ನಾನು ಐದನೆಯ ಇಯತ್ತೆಯವಳು. ಆಯಿ ಅಕ್ಕಿಯ ಮೇಲೆ ಸುನಂದಾ ಎಂದು ಬರೆಸಿದ್ದು, ನಾನು ಎರಡು ಸಲ ಸಕ್ಕರೆ ಇಸಿದುಕೊಂಡದ್ದು ನೆನಪಿದೆ. ಅದಕ್ಕೆ ಮೊದಲು ಅವರಿಗೊಂದು ಹೆಸರಿತ್ತೆಂಬುದು ಗೊತ್ತಿದ್ದೂ ನೆನಪಾಗಿರಲಿಲ್ಲ. ಅರ್ಜಿಯಲ್ಲಿ ನಾನು ಬರೆದದ್ದು ಸುನಂದಾ ಎಂದೇ.

ಕಾಲೇಜಿನಲ್ಲಿ ಹಳೆಯ ಕಡತ ಹುಡುಕಿ ಟಿ.ಸಿ. ಬರೆದುಕೊಡುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಅಲ್ಲಿಯವರೆಗೆ ಗೇಟಿನ ಹೊರಗಿನ ಗಾಡಿಯಲ್ಲಿ ಗಿರಮಿಟ್ಟು, ಮೆಣಸಿನಕಾಯಿ ಬಜಿ ತಿಂದು ಹೊಟ್ಟೆ ತುಂಬಿಸಿಕೊಂಡೆವು. ಟಿ.ಸಿ. ಕೈಗೆ ಬಂದಾಗ ನಾನು ಮೊದಲ ಸಾಲನ್ನು ಓದಿ ಮಡಚಿದೆ. ಕರ್ಜಗಿಯ ಬಸ್ಸು ಹೊರಟ ಮೇಲೆ, ಅರ್ಜಿಯಲ್ಲಿ ಹೆಸರು ತಪ್ಪಾಗಿದೆ ವೈನಿ, ಎಂದೆ.

"ನೀ ಬರಿಯೂದು ನೋಡಿದ್ದೆ ಶೈಲಾ," ಎಂದರು ವೈನಿ. "ಹೇಳಾಕ ಬಾಯಿ ಬರಲಿಲ್ಲ. ಆಯಿ ಅಲ್ಲೇ ಕುಂತಿದ್ರು. ಅವರು ಇಟ್ಟ ಹೆಸರು ಬ್ಯಾಡ ಅಂದಂಗ ಆಗತಿತ್ತು."

ನಾಳೆ ಕಾಲೇಜಿನವರು ಒಪ್ಪದಿದ್ದರೆ ಎಂದು ಕೇಳಿದೆ. ಮುಂದಿನ ವರ್ಷ ನೋಡೋಣ ಎಂದು ಅವರು ಹೇಳಬಹುದೆಂದುಕೊಂಡಿದ್ದೆ. ಅವರು ಹಾಗೆ ಹೇಳಲಿಲ್ಲ. ಇನ್ನೊಮ್ಮೆ ಕೇಳುವ ಧೈರ್ಯ ತಮಗೆ ಬರುವುದಿಲ್ಲ, ಇದೊಂದು ಸಲ ಹೇಗೋ ಬಂದಿತ್ತು ಎಂದರು.

ಕರ್ಜಗಿಯಲ್ಲಿ ಇಳಿದ ಮೇಲೆ ವೈನಿಯ ಸೆರಗು ತಲೆಯಿಂದ ಜಾರಿತು. ಮತ್ತೆ ಅವರು ಅದನ್ನು ಎಳೆದುಕೊಳ್ಳಲಿಲ್ಲ. ಬಸವಣ್ಣನ ಕಟ್ಟೆಯಿಂದ ಮನೆಯವರೆಗೆ ಪ್ರತಿ ಬಾಗಿಲಿನಿಂದಲೂ ಯಾರಾದರೊಬ್ಬರು ಕಸ್ತೂರಿ ಎಂದು ಕರೆದರು. ಪ್ರತಿಯೊಬ್ಬರಿಗೂ ಓ ಎನ್ನುತ್ತ ಅವರು ನನಗಿಂತ ಹತ್ತು ಮಾರು ಮುಂದೆ ನಡೆಯುತ್ತಿದ್ದರು. ನಾನು ಅವರ ಹಿಂದೆ ಚೀಲ ಹೊತ್ತು ಹೋದೆ.

ವೈನಿಯ ತಂದೆ ಚನ್ನಬಸಪ್ಪನವರನ್ನು ನಾನು ಕಾಕಾ ಎನ್ನುತ್ತೇನೆ. ಕಡಿಮೆ ಮಾತಿನವರು. ಎತ್ತುಗಳಿಗೆ ನೀರು ಕುಡಿಸಿ ಒಳಗೆ ಬಂದು, ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಿಂದ ಮಾರ್ಕ್ಸ್ ಕಾರ್ಡು ತೆಗೆದು ಕೊಟ್ಟರು. ಅದನ್ನು ಬೇವಿನ ಎಲೆಯೊಂದಿಗೆ ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟಿದ್ದರು. ಎಲೆ ಒಣಗಿದ್ದರೂ ಹಸಿರು ಉಳಿದಿತ್ತು. ವರ್ಷಕ್ಕೊಮ್ಮೆ ಬದಲಿಸುತ್ತಾರೆಂದು ಆ ಮನೆಯ ಸೊಸೆ ಹೇಳಿದರು. ಊಟಕ್ಕೆ ಬಿಸಿ ರೊಟ್ಟಿ, ಝುಣಕ, ಪುಂಡಿ ಪಲ್ಯ ಇದ್ದವು. ಊಟದಲ್ಲಿ ನಾನೇ ಹೆಸರಿನ ಸಂಗತಿ ಹೇಳಿದೆ. ಕಾಕಾ ಕೇಳಿಸಿಕೊಂಡರು, ಮಜ್ಜಿಗೆ ಕುಡಿದು ಎದ್ದರು.

ಬೆಳಿಗ್ಗೆ ನಾವು ಹೊರಡುವಾಗ ಅವರು ಬಿಳಿ ಅಂಗಿ ತೊಟ್ಟು, ಟೊಪ್ಪಿಗೆ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದರು. ತಾವೂ ರಾಣೆಬೆನ್ನೂರಿಗೆ ಬರುವುದಾಗಿ ಹೇಳಿದರು. ಹೊಲದ ಕಳೆ ತೆಗೆಯಲು ಎಡೆ ಹೊಡೆಯುವ ಕುಂಟೆಯ ಕುಡ, ಎಂದರೆ ಅಲಗು, ಸವೆದಿದೆಯಂತೆ, ಅಲ್ಲಿ ಒಳ್ಳೆಯ ಕಬ್ಬಿಣದ್ದು ಸಿಗುತ್ತದಂತೆ. ಹಾವೇರಿಯಲ್ಲಿ ಸಿಗೂದಿಲ್ಲೇನಪ್ಪ ಎಂದು ವೈನಿ ಕೇಳುವಷ್ಟರಲ್ಲಿ ಅವರು ಎದ್ದು ಚಪ್ಪಲಿ ಮೆಟ್ಟಿದ್ದರು.

ಹಾವೇರಿಯಲ್ಲಿ ಬಸ್ಸು ಬದಲಿಸಿದೆವು. ಅಲ್ಲಿಂದ ರಾಣೆಬೆನ್ನೂರು ಮೂವತ್ತು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಮೋಟೆಬೆನ್ನೂರಿನ ಕ್ರಾಸಿನಲ್ಲಿ ಬ್ಯಾಡಗಿಯ ಕಡೆಯ ಮೆಣಸಿನಕಾಯಿ ಲಾರಿಗಳು ನಿಂತಿದ್ದವು. ಬಸ್ಸಿನೊಳಗೆ ಘಾಟು ಬಂದು ದಾವಣಗೆರೆಯ ಕಡೆಯವರೆಲ್ಲ ಕೆಮ್ಮತೊಡಗಿದರು. ನಮಗಿಬ್ಬರಿಗೆ ಏನೂ ಆಗಲಿಲ್ಲ. ವೈನಿಯ ಕೈ ತಾನಾಗಿಯೇ ಸೆರಗನ್ನು ತಲೆಗೆ ಏರಿಸಿತು. ಕ್ರಾಸು ದಾಟಿದ ಮೇಲೂ ಅದು ಅಲ್ಲೇ ಇತ್ತು. ದೇವರಗುಡ್ಡದ ದಾರಿಯ ಹತ್ತಿರ ಮಳೆ ಹಿಡಿಯಿತು.

ಕಾಲೇಜಿನ ಕಿಟಕಿಯ ಮುಂದೆ ಉದ್ದ ಸಾಲಿತ್ತು, ಬಹುಪಾಲು ಹದಿನೇಳು ಹದಿನೆಂಟರ ಹುಡುಗಿಯರು. ಅವರಲ್ಲೊಬ್ಬಳು ವೈನಿಯನ್ನು ಟೀಚರ್ ಎಂದು ತಿಳಿದು ದಾರಿ ಬಿಟ್ಟಳು. ವೈನಿ ಬೇಡವೆಂದು ಅವಳ ಹಿಂದೆಯೇ ನಿಂತರು. ಕಾಕಾ ವರಾಂಡದ ಕಂಬದ ಬಳಿ ಒದ್ದೆ ಟೊಪ್ಪಿಗೆ ಹಿಂಡುತ್ತಿದ್ದರು. ನಮ್ಮ ಸರದಿ ಬಂದಾಗ ಗುಮಾಸ್ತರು ಅರ್ಜಿಯನ್ನೂ ಮಾರ್ಕ್ಸ್ ಕಾರ್ಡನ್ನೂ ಒಂದರ ಪಕ್ಕ ಒಂದು ಇಟ್ಟರು.

"ಇದರಾಗ ಸುನಂದಾ ಐತಿ, ಅದರಾಗ ಕಸ್ತೂರಿ. ಕಾಲೇಜಿಗೆ ಬರಾವರು ಯಾರ್‍ರಿ?"

"ಇಬ್ಬರೂ ನಾನ ರೀ," ಎಂದರು ವೈನಿ.

"ಒಂದ ಫೀ ಕಟ್ಟಿ ಇಬ್ಬರು ಕಲಿಯಾಕ ಬರೂದಿಲ್ಲರಿ ಬಾಯಾರ."

ಸಾಲಿನಲ್ಲಿ ನಗೆ ಎದ್ದಿತು. ಗುಮಾಸ್ತರು ಒರಟರಲ್ಲ. ಎರಡು ದಾರಿಗಳಿವೆ ಎಂದು ವಿವರಿಸಿದರು. ಎರಡೂ ಹೆಸರು ಒಬ್ಬರದೇ ಎಂದು ಕೋರ್ಟಿನಲ್ಲಿ ಅಫಿಡವಿಟ್ ಮಾಡಿಸಿ ತರಬೇಕು. ಅದು ಇವತ್ತು ಆಗುವ ಮಾತಲ್ಲ. ಇಲ್ಲವೇ ಮಾರ್ಕ್ಸ್ ಕಾರ್ಡಿನ ಹೆಸರಿನಲ್ಲೇ ಹೊಸ ಅರ್ಜಿ ತುಂಬಬೇಕು. ಮುಂದೆ ಹಾಜರಿಯಿಂದ ಡಿಗ್ರಿಯವರೆಗೆ ಅದೇ ಹೆಸರು. ಪಾಲಕರ ಸಹಿ ಮತ್ತೆ ಬೇಕು. ಊಟದ ಹೊತ್ತಿಗೆ ಕಿಟಕಿ ಮುಚ್ಚುತ್ತದೆ, ಆಮೇಲೆ ತೆರೆಯುವುದಿಲ್ಲ.

ಹೊಸ ಅರ್ಜಿ ಕೊಂಡು ವರಾಂಡದ ಬೆಂಚಿನ ಮೇಲೆ ಕೂತೆವು. ನಾನು ಪೆನ್ನು ತೆಗೆದು ವೈನಿಯ ಮುಖ ನೋಡಿದೆ. ಅವರು ಹಳೆಯ ಅರ್ಜಿಯ ಮೇಲಿದ್ದ ಅಣ್ಣನ ಸಹಿಯನ್ನೇ ನೋಡುತ್ತಿದ್ದರು. ಮನೆಯಲ್ಲಿ ಒಂದು ಮಾತು ಕೇಳಬೇಕಿತ್ತು ಎಂದರು. ಅಂಗಡಿಯ ಪಕ್ಕದವರಿಗೆ ಫೋನ್ ಮಾಡಿ ಅಣ್ಣನನ್ನು ಕರೆಸಬಹುದಿತ್ತು, ಆದರೆ ಟೆಂಡರಿನ ದಿನ ಅವನು ಅಂಗಡಿಯಲ್ಲಿ ನಿಲ್ಲುವುದಿಲ್ಲ. ಅವನು ಸಿಕ್ಕರೂ ಸಹಿ ತಂತಿಯಲ್ಲಿ ಬರುವುದಿಲ್ಲ. ಈ ಲೆಕ್ಕವನ್ನೆಲ್ಲ ನಾನು ಮನಸ್ಸಿನಲ್ಲಿ ಹಾಕುತ್ತಿದ್ದಾಗ ಕಾಕಾ ಕಂಬ ಬಿಟ್ಟು ನಮ್ಮ ಎದುರು ಬಂದು ನಿಂತರು.

"ಅವತ್ತ ಸಾಲಿ ಬಿಡಿಸಿದಾಂವ ನಾನು. ಇವತ್ತ ಹಚ್ಚಾಂವನೂ ನಾನ," ಎಂದರು. "ಸಹಿ ಎಲ್ಲಿ ಮಾಡಬೇಕು, ತೋರಸವ್ವ."

ವೈನಿ ತಲೆ ಎತ್ತಲಿಲ್ಲ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಹೆಸರಿನ ಜಾಗದಲ್ಲಿ ತಾವೇ ಬರೆದರು: ಕಸ್ತೂರಿ. ಮೊದಲ ಅಕ್ಷರವನ್ನು ನಿಧಾನವಾಗಿ, ಉಳಿದವನ್ನು ಬೇಗ ಬರೆದರು. ಉಳಿದ ಸಾಲುಗಳನ್ನೂ ಅವರೇ ತುಂಬಿದರು. ನಾನು ಪಕ್ಕದಲ್ಲಿ ಕೂತು ನೋಡಿದೆ. ಕಾಕಾ ನಿಂತಲ್ಲೇ ಬೆಂಚಿಗೆ ಬಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಹಣವನ್ನು ಒಳಗಿನ ಕಿಸೆಯಿಂದ ತೆಗೆದು ಕಿಟಕಿಯೊಳಗೆ ಕೊಟ್ಟರು. ವೈನಿ ಅಣ್ಣ ಕೊಟ್ಟ ಹಣವಿದ್ದ ಪರ್ಸನ್ನು ಅರ್ಧ ತೆರೆದಿದ್ದರು. ತಂದೆಯ ಮುಖ ನೋಡಿ ಮುಚ್ಚಿದರು. ಆ ಹಣದಲ್ಲಿ ಅದೇ ಮಧ್ಯಾಹ್ನ ಲ್ಯಾಬಿಗೆ ಬೇಕಾಗುವ ಬಿಳಿ ಕೋಟಿನ ಬಟ್ಟೆಯನ್ನೂ ಎರಡು ಪುಸ್ತಕಗಳನ್ನೂ ಕೊಂಡೆವು.

ಖಾನಾವಳಿಯಲ್ಲಿ ಊಟ ಮಾಡಿ ಬಸ್ ಸ್ಟ್ಯಾಂಡಿಗೆ ಬಂದೆವು. ಹಾವೇರಿಯ ಬಸ್ಸು ಮೊದಲು ಬಂತು. ಕಾಕಾ ಹತ್ತಿ ಕೂತರು. ಅದು ಗೇಟು ದಾಟುವಾಗ ಕುಂಟೆಯ ಕುಡ ಕೊಳ್ಳಲೇ ಇಲ್ಲವೆಂದು ನನಗೆ ನೆನಪಾಯಿತು. ಕೂಗಿ ಹೇಳಲು ಹೋದೆ. ವೈನಿ ನನ್ನ ಕೈ ಹಿಡಿದರು.

"ಬಿಡು. ಅದು ಹೋದ ವರ್ಷನ ಹೊಸಾದು ಹಾಕ್ಸ್ಯಾರ."

ನಾವು ಬ್ಯಾಡಗಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಇಪ್ಪತ್ತೈದು ಕಿಲೋಮೀಟರಿನ ಆ ದಾರಿಯಲ್ಲಿ ನಾನು ಯೋಚಿಸಿದ್ದು ಆಯಿಗೆ ಹೇಗೆ ಹೇಳುವುದೆಂಬ ಒಂದನ್ನೇ. ಅಣ್ಣನ ಬಗ್ಗೆ ಚಿಂತೆ ಇರಲಿಲ್ಲ. ಸೀಟು ಸಿಕ್ಕಿತೇ ಎಂದು ಕೇಳಿ ಅವನು ಸುಮ್ಮನಾಗುತ್ತಾನೆ. ಹಾಗೆಯೇ ಆಯಿತು. ಆದರೆ ಆಯಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ನಾವು ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ಯಾವ ಹೆಸರಿಲೆ ಹಚ್ಚಿ ಬಂದ್ರಿ?" ಅವಳಿಗೆ ಹೇಗೆ ಹೊಳೆಯಿತೋ ತಿಳಿಯದು. ಅರ್ಜಿ ತುಂಬುವಾಗ ಅವಳು ವೈನಿಯ ಮುಖ ನೋಡುತ್ತಿದ್ದಳೆಂದು ಕಾಣುತ್ತದೆ.

ನಾನು ಏನನ್ನೋ ಹೇಳಲು ಬಾಯಿ ತೆರೆದೆ. ವೈನಿಯೇ ಹೇಳಿದರು. "ಅಪ್ಪ ಇಟ್ಟ ಹೆಸರಿಲೆ ರೀ, ಆಯಿ."

ಆಯಿ ಮೊಣಕಾಲು ತಿಕ್ಕಿಕೊಂಡಳು. ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದವು.

"ನಂದು ತುಂಗವ್ವ ಇತ್ತು," ಎಂದಳು. "ತವರಾಗ, ಗುತ್ತಲದಾಗ. ಈಗ ಕರಿಯಾವರು ಯಾರೂ ಉಳದಿಲ್ಲ."

ಆಯಿಯ ಹೆಸರು ಪಾರ್ವತೆವ್ವ ಎಂದು ನಾನು ಹುಟ್ಟಿದಾಗಿನಿಂದ ಕೇಳಿದ್ದೆ. ಅಣ್ಣನಿಗೂ ಅಷ್ಟೇ ಗೊತ್ತಿತ್ತು. ನಮ್ಮ ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ, ಕೇಳಲು ಈಗ ಅವರಿಲ್ಲ.

ವೈನಿ ಪುಸ್ತಕದ ಪೊಟ್ಟಣವನ್ನು ಗೂಡಿನಲ್ಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡಿಗೆಮನೆಯ ಕಡೆ ನಡೆದರು. ಹೊಸ್ತಿಲಲ್ಲಿ ನಿಂತು, ತಿರುಗದೆ, ಕರ್ಜಗಿಯ ಓಣಿಯಲ್ಲಿ ಕರೆಯುವ ಹಾಗೆ ಕರೆದರು.

"ತುಂಗವ್ವಾ, ಚಾ ಮಾಡ್ಲೇನ್ರಿ?"

ಆಯಿ ನನ್ನ ಕಡೆ ಒಮ್ಮೆ, ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ, ಮನೆಯಲ್ಲಿ ನಾನು ಎಂದೂ ಕೇಳದ ಗಟ್ಟಿ ದನಿಯಲ್ಲಿ, "ಓ" ಎಂದಳು.