ಕಳ್ಳರ ಓದು

ಮೊನ್ನೆ ಗಾಂಧಿ ಬಜಾರಿನ ಬಟ್ಟೆ ಅಂಗಡಿಯೊಂದರಲ್ಲಿ ಗೋಡೆ ರಿಪೇರಿಗೆ ಪ್ಲಾಸ್ಟರ್ ಕಲಸುತ್ತಿದ್ದರು. ಆ ಹಸಿ ವಾಸನೆ ಮೂಗಿಗೆ ಬಿದ್ದದ್ದೇ ತಡ, ಸೀರೆ ಆರಿಸುವುದನ್ನು ಬಿಟ್ಟು ನಿಂತುಬಿಟ್ಟೆ. ನಿಮಗೆ ಅದು ಹೊಸ ಮನೆಯ ವಾಸನೆ ಇರಬಹುದು, ನನಗೆ ಕಾಲೇಜಿನದು.

ನಾನು ಓದಿದ್ದು ಅಪರಾಧಶಾಸ್ತ್ರ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಿಂದ ನಾನು, ಹಿಂದಿನ ಸಾಲಿನ ಮನೆಯ ಸಹಪಾಠಿ ಸೆಲ್ವಿ ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬರುತ್ತಿದ್ದೆವು. ಮಣ್ಣಿನಲ್ಲಿ ಮೂಡಿದ ಹೆಜ್ಜೆಗೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುವುದು ನಮ್ಮ ಪ್ರಾಕ್ಟಿಕಲ್. ಕಳ್ಳನದೆಂದು ನಾನು ಬಹಳ ಶ್ರದ್ಧೆಯಿಂದ ತೆಗೆದ ಮೊದಲ ಅಚ್ಚು ನನ್ನದೇ ಚಪ್ಪಲಿಯದಾಗಿತ್ತು.

ಅಮ್ಮನಿಗಂತೂ ಈ ಓದೇ ತಲೆನೋವು. "ಕಳ್ಳರ ವಿಷಯ ಓದ್ತಾಳೆ ಅಂದ್ರೆ ನಿನ್ನ ಯಾರು ಮದ್ವೆ ಆಗ್ತಾರೆ ಮಾರಾಯ್ತಿ?" ಎನ್ನುತ್ತಿದ್ದಳು. ಯಾರಾದರೂ ಕೇಳಿದರೆ, "ಏನೋ ಕಾನೂನಂತೆ" ಎಂದು ಮಾತು ತಿರುಗಿಸುತ್ತಿದ್ದಳು.

ಒಂದು ಬೆಳಿಗ್ಗೆ ಬಸ್ಸಿಗೆ ಹೊರಟಾಗ ನಮ್ಮ ಬೀದಿಯಲ್ಲಿ ಗಲಾಟೆ. ಎದುರುಮನೆ ರುದ್ರಮ್ಮನವರ ಗ್ಯಾಸ್ ಸಿಲಿಂಡರ್ ಕಳುವಾಗಿತ್ತು. ಜೈಲಿನಿಂದ ಆಗಷ್ಟೇ ಬಿಡುಗಡೆಯಾಗಿ ಬಂದಿದ್ದ ನಮ್ಮ ಕ್ವಾರ್ಟರ್ಸಿನ ಕುಮಾರನನ್ನು ಲೈಟ್ ಕಂಬಕ್ಕೆ ಕಟ್ಟಿದ್ದರು. ಅವನ ತುಟಿ ಒಡೆದಿತ್ತು.

ಸೆಲ್ವಿ ಹೋಗಿ ಅವನ ಮುಂದೆ ನಿಂತಳು. "ಯಾರು ನೋಡಿದ್ರಿ ಇವನು ಕದ್ದಿದ್ದನ್ನ?"

"ನೋಡೋದೇನು ಬಂತು? ಕಳ್ಳ ಕಳ್ಳನೇ. ನೀನು ಪಕ್ಕಕ್ಕೆ ಸರಿ, ಇಲ್ಲಾಂದ್ರೆ ನಿಮ್ಮಪ್ಪಂಗೆ ಹೇಳ್ತೀನಿ," ಎಂದರು ರುದ್ರಮ್ಮನವರ ಗಂಡ.

"ಹೇಳಿ ಸಾರ್. ಪೊಲೀಸ್ ಬರೋವರೆಗೂ ಇವನ ಮೇಲೆ ಕೈ ಮಾಡ್ಬೇಡಿ."

ನಾನೂ ಅವಳ ಪಕ್ಕ ನಿಂತೆ. ಓದಿದ ಒಂದು ಸಾಲೂ ನೆನಪಾಗಲಿಲ್ಲ. ಆಗ ನಮ್ಮ ಮನೆಯಿಂದ ಅಮ್ಮ ಒಂದು ಚೊಂಬು ನೀರು ಹಿಡಿದು ಬಂದಳು. ಯಾರ ಮುಖವನ್ನೂ ನೋಡದೆ ಕುಮಾರನಿಗೆ ಕುಡಿಸಿ, ಚೊಂಬು ಕೆಳಗಿಟ್ಟು, ಹಗ್ಗದ ಗಂಟು ಬಿಚ್ಚಿದಳು. ಯಾರೂ ತಡೆಯಲಿಲ್ಲ. ಪೊಲೀಸರು ಬಂದ ಮೇಲೆ ನಾವು ಬಸ್ ಹತ್ತಿದೆವು. ಅವರು ವಿಚಾರಿಸಿ, ಸಂಜೆಗೆ ಅವನನ್ನು ಮನೆಗೆ ಕಳಿಸಿದರು. ಸಿಲಿಂಡರ್ ಕದ್ದವರು ಯಾರೆಂದು ಕೊನೆಗೂ ತಿಳಿಯಲಿಲ್ಲ.

ಇಷ್ಟು ವರ್ಷ ಈ ಕಥೆಯನ್ನು ಸೆಲ್ವಿಯ ಧೈರ್ಯದ ಕಥೆಯೆಂದೇ ಹೇಳಿಕೊಂಡು ಬಂದಿದ್ದೆ. ಮೊನ್ನೆ ಅಂಗಡಿಯಿಂದ ಹೊರಬಂದವಳೇ ಅಮ್ಮನಿಗೆ ಫೋನ್ ಮಾಡಿದೆ. "ಅವತ್ತು ಕುಮಾರನ ಹಗ್ಗ ಬಿಚ್ಚಿದಾಗ ನಿನಗೆ ಹೆದರಿಕೆ ಆಗ್ಲಿಲ್ವಾ?"

"ಆಗ್ದೆ ಇರುತ್ತಾ? ನೀವಿಬ್ರೂ ಬಸ್ ಹತ್ತಿ ಹೋದ್ರಿ. ನಾನು ದಿನವಿಡೀ ಆ ಬೀದೀಲೇ ಇರ್ಬೇಕಿತ್ತಲ್ಲ. ಎಷ್ಟೋ ದಿನ ಒಬ್ರೂ ನನ್ನ ಮಾತಾಡಿಸ್ಲಿಲ್ಲ."

"ಒಂದು ಮಾತು ಹೇಳ್ಲೇ ಇಲ್ವಲ್ಲಮ್ಮ?"

"ಹೇಳಿದ್ರೆ ನೀನು ಓದು ಬಿಡ್ತಿದ್ದೆ," ಎಂದಳು ಅಮ್ಮ.