ಹರಳೆಣ್ಣೆಯ ಕೈ

ಮೊನ್ನೆ ಐಸೆಲಿನ್‌ನ ಇಂಡಿಯನ್ ಅಂಗಡಿಯೊಂದರಲ್ಲಿ ಯಾರದೋ ಕೈಜಾರಿ ಹರಳೆಣ್ಣೆಯ ಬಾಟಲಿ ಒಡೆಯಿತು. ಎಲ್ಲರೂ ಮೂಗು ಮುಚ್ಚಿಕೊಂಡು ದೂರ ಸರಿದರು. ನಾನು ಮಾತ್ರ ನಿಂತೇ ಬಿಟ್ಟೆ... ಕೆಳಗಿನ ಮನೆಯ ಆಂಟಿ ನೆನಪಾದರು.

ಆಗ ನಾನು ಪ್ಲೇನ್ಸ್‌ಬರೋದಲ್ಲಿ ಅವರ ಮೇಲಿನ ಅಪಾರ್ಟ್‌ಮೆಂಟಿನಲ್ಲಿದ್ದೆ. ಅಯೋವಾದಲ್ಲಿದ್ದ ಅವರ ಮಗಳಿಗೆ ಹೆರಿಗೆಯಾಗಿತ್ತು. ಬಾಣಂತನ ಮುಗಿಸಿಯೇ ಬರಬೇಕೆಂದು ಆಂಟಿಯ ಆಸೆ. ಅಂಕಲ್ ಎರಡೇ ದಿನ ಎಂದಿದ್ದರು. ಅವರಿಗೆ ಹೊರಗಿನ ಊಟ ಸೇರದು, ಅಳಿಯನ ಮನೆಯಲ್ಲಿ ಉಳಿಯುವುದು ಅದಕ್ಕಿಂತಲೂ ಸೇರದು. ಆಂಟಿಗೆ ಡ್ರೈವಿಂಗ್ ಬಾರದು. ಅಂಕಲ್‌ಗೆ ಬೆನ್ನುನೋವು, ಹಾಗಾಗಿ ಅರ್ಧ ದಾರಿ ಓಡಿಸಲು ನಾನು.

ಓಹಾಯೋ ಹೊಕ್ಕ ಮೇಲೆ ಎರಡೂ ಕಡೆ ಬರೀ ಮುಸುಕಿನ ಜೋಳ. ಎಷ್ಟು ಹೋದರೂ ಅಲ್ಲೇ ಇದ್ದೇವೆ ಅನ್ನಿಸುತ್ತಿತ್ತು. ಕಿಟಕಿ ಇಳಿಸಿದರೆ ಅಂಕಲ್‌ಗೆ ಶೀತ, ಹಾಡು ಹಾಕಿದರೆ ತಲೆನೋವು. ಹಿಂದಿನ ಸೀಟಿನಲ್ಲಿ ಅಂಟಿನುಂಡೆಯ ಡಬ್ಬಿಗಳ ನಡುವೆ ಆಂಟಿ ಮುದುರಿ ಕೂತಿದ್ದರು. ನನಗೇ ಉಸಿರುಗಟ್ಟುತ್ತಿತ್ತು.

"ಇಲ್ಲಿ ಯಾರಾದ್ರೂ ಇಳಿದು ಹೋದ್ರೆ ಗೊತ್ತೂ ಆಗಲ್ಲ, ಅಲ್ವೇನಮ್ಮ?" ಎಂದರು ಆಂಟಿ ಒಮ್ಮೆ. ನಾನು ನಕ್ಕೆ. ಅವರು ನಗಲಿಲ್ಲ.

ಮಗಳ ಮನೆಯಿಂದ ವಾಪಸು ಹೊರಡುವ ದಿನ ಬೆಳಿಗ್ಗೆ ಅಂಕಲ್ ಆಗಲೇ ಕಾರಿನಲ್ಲಿ ಕೂತು ಹಾರ್ನ್ ಹೊಡೆಯುತ್ತಿದ್ದರು. ಕರೆಯಲು ಒಳಗೆ ಹೋದರೆ, ಆಂಟಿ ಸೀರೆ ಎತ್ತಿಕಟ್ಟಿ ಬಾತ್‌ಟಬ್ಬಿನಲ್ಲಿ ಕಾಲು ನೀಡಿ ಕೂತಿದ್ದಾರೆ. ಕಾಲ ಮೇಲೆ ಮೊಮ್ಮಗಳು, ಮೈತುಂಬಾ ಹರಳೆಣ್ಣೆ.

"ಮಗು ಕಾಲ ಮೇಲಿದೆ, ಏಳಕ್ಕಾಗಲ್ಲ ಅಂತ ಹೇಳಮ್ಮ ಅವರಿಗೆ."

ಹೇಳಿದೆ. ಮಗುವಿಗೆ ನೀರು ಹಾಕುವವರನ್ನು ಎಬ್ಬಿಸಬಾರದೆಂದು ಅಂಕಲ್‌ಗೂ ಗೊತ್ತು. ಗೊಣಗುತ್ತಾ ಎಂಜಿನ್ ಆರಿಸಿದರು. ಒಳಗೆ ಆಂಟಿ ಮತ್ತೆ ಎಣ್ಣೆ ತಿಕ್ಕಿದರು, ಮತ್ತೆ ನೀರು ಹಾಕಿದರು. ಮಗು ಕಾಲ ಮೇಲೇ ನಿದ್ದೆ ಹೋಯಿತು. ಮಗಳು ಟವೆಲ್ ಹಿಡಿದು ಬಾಗಿಲಿಗೊರಗಿ ನಿಂತಿದ್ದಳು, ಅವಳೂ ಅವಸರ ಮಾಡಲಿಲ್ಲ... ಕೊನೆಗೆ ಟ್ಯಾಂಕಿನ ಬಿಸಿನೀರು ಮುಗಿಯಿತು. ಮಗುವಿಗೆ ಶೀತವಾದೀತೆಂದು ಆಂಟಿ ತಾವೇ ಎತ್ತಿ ಮಗಳ ಕೈಗೆ ಕೊಟ್ಟರು.

ವಾಪಸು ಬರುವಾಗಲೂ ಅದೇ ಜೋಳ. ರೆಸ್ಟ್ ಏರಿಯಾ ಬಂದಾಗ ಅಂಕಲ್, "ಕೈ ತೊಳ್ಕೊಂಡು ಬಾರೇ, ಕಾರೆಲ್ಲಾ ವಾಸನೆ" ಎಂದರು. ಆಂಟಿ ಇಳಿಯಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಹೊರಗೆ ನೋಡುತ್ತಾ ಕೂತಿದ್ದರು.

ಮುಂದಿನ ಬೇಸಿಗೆಗೆ ಮತ್ತೆ ಹೋಗೋಣ ಎಂದಿದ್ದರು ಅಂಕಲ್. ಆಂಟಿ ಆ ಬೇಸಿಗೆಯವರೆಗೆ ಉಳಿಯಲಿಲ್ಲ.

ಅಂಗಡಿಯ ಹುಡುಗಿ ಸೋಪುನೀರು ತಂದು ನೆಲ ಒರೆಸತೊಡಗಿದಳು. ಸ್ವಲ್ಪ ಹೊತ್ತು ಇರಲಿ ಬಿಡಮ್ಮ ಎನ್ನಬೇಕೆನಿಸಿತು. ಕಾರ್ಟ್ ತಳ್ಳಿಕೊಂಡು ಪಕ್ಕಕ್ಕೆ ಸರಿದೆ.