ಬೆಳ್ಳಿ ಕರಡಿಗೆ

ಬೀರುವಿನ ಒಳಖಾನೆ ಎಳೆದರೆ ಇವತ್ತಿಗೂ ಮೊದಲು ಮೂಗಿಗೆ ಬರುವುದು ವಿಭೂತಿಯ ವಾಸನೆ. ಒಣ ವಿಭೂತಿಯದಲ್ಲ, ನೀರು ಹಾಕಿ ಅಂಗೈಯಲ್ಲಿ ತಿಕ್ಕಿದಾಗ ಬರುತ್ತದಲ್ಲ, ನೆನೆದ ಮಣ್ಣಿಗೂ ತಣ್ಣಗಾದ ಒಲೆಯ ಬೂದಿಗೂ ನಡುವಿನದೊಂದು ವಾಸನೆ, ಅದು. ಖಾನೆಯಲ್ಲಿರುವುದು ಒಂದು ಬೆಳ್ಳಿ ಕರಡಿಗೆ, ಇಷ್ಟಲಿಂಗವನ್ನು ಒಳಗಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಪುಟ್ಟ ಭರಣಿ. ಮುಚ್ಚಳದ ಮೇಲೆ ಮಲಗಿದ ಬಸವಣ್ಣ, ಸುತ್ತ ಬಳ್ಳಿಯ ಕೆತ್ತನೆ. ಹಬ್ಬ ಬಂದಾಗಲೆಲ್ಲ ಸೊಸೆ ಇದನ್ನು ತಿಕ್ಕಿ ಹೊಳಪು ಮಾಡಿಸೋಣ ಎನ್ನುತ್ತಾಳೆ. ಬೇಡಮ್ಮ, ಕಪ್ಪಾಗಿಯೇ ಇರಲಿ ಎನ್ನುತ್ತೇನೆ. ನನ್ನ ಅಜ್ಜಿಯನ್ನು ತಿಂದದ್ದು ಇದರ ಹೊಳಪೇ ಎಂದು ಆ ಹುಡುಗಿಗೆ ಹೇಗೆ ಹೇಳಲಿ? ನಿಮಗಾದರೂ ಹೇಳಿಬಿಡುತ್ತೇನೆ.

ದೇಶಕ್ಕೆ ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿದ್ದ ಕಾಲ. ದಾವಣಗೆರೆಯಲ್ಲಿ ಹತ್ತಿಯದೇ ದರ್ಬಾರು. ಮಿಲ್ಲಿನ ಕೂಗಿಗೆ ಊರು ಏಳುತ್ತಿತ್ತು, ಮಿಲ್ಲಿನ ಕೂಗಿಗೆ ಉಣ್ಣುತ್ತಿತ್ತು. ಅಪ್ಪನದು ಹತ್ತಿ ಮಂಡಿ. ಮುಂದೆ ಮಂಡಿ, ಹಿಂದೆ ಮನೆ, ನಡುವಿನ ಅಂಗಳದಲ್ಲಿ ಹತ್ತಿ ತುಂಬಿದ ಅಂಡಿಗೆಗಳ ರಾಶಿ. ಎಳೆಗಳು ಗಾಳಿಯಲ್ಲಿ ತೇಲಿ ಬಂದು ಹಾಲಿನ ಕೆನೆಯ ಮೇಲೂ ಕೂರುತ್ತಿದ್ದವು, ನಮ್ಮ ರೆಪ್ಪೆಗಳ ಮೇಲೂ ಕೂರುತ್ತಿದ್ದವು. ಆ ಮನೆಯಲ್ಲಿ ಎಲ್ಲಕ್ಕೂ ತಕ್ಕಡಿ. ಬಂದ ನೆಂಟರನ್ನೂ ಅಪ್ಪ ಒಮ್ಮೆ ಕಣ್ಣಲ್ಲೇ ತೂಗಿ ನೋಡಿ ಆಮೇಲೆ ಜಮಖಾನೆ ಹಾಸಬೇಕೋ ಚಾಪೆ ಸಾಕೋ ಎಂದು ತೀರ್ಮಾನಿಸುತ್ತಿದ್ದ. ಕೆಟ್ಟವನಲ್ಲ, ಹಸಿದು ಬೆಳೆದವನು. ಅವನು ಮಗುವಾಗಿದ್ದಾಗಲೇ ಅವನಪ್ಪ ತೀರಿಕೊಂಡು, ಅಜ್ಜಿ ಇದೇ ಪೇಟೆಯಲ್ಲಿ ಕೂಲಿಗೆ ಹತ್ತಿ ಬಿಡಿಸಿ ಅವನನ್ನು ಸಾಕಿದ್ದಳು. ಹಾಗಾಗಿ ಹೊಸ ಶ್ರೀಮಂತಿಕೆ ಅಪ್ಪನಿಗೆ ಹೊಸ ಚಪ್ಪಲಿಯ ಹಾಗೆ, ನಡೆದಾಗಲೆಲ್ಲ ಸದ್ದು ಮಾಡುತ್ತಿತ್ತು.

ಅಜ್ಜಿಗೆ ಆ ಸದ್ದು ಕೇಳಿಸುತ್ತಲೇ ಇರಲಿಲ್ಲ ಎಂದು ಕಾಣುತ್ತದೆ. ಹಿತ್ತಿಲ ಕಡೆಯ ಸಣ್ಣ ಕೋಣೆಯೇ ಅವಳ ಲೋಕ. ಅವಳ ಲಿಂಗವನ್ನು ಅವಳಿಗೆ ಕಟ್ಟಿದ್ದು ತವರೂರು ಭಾನುವಳ್ಳಿಯಲ್ಲಿ, ಹೆತ್ತ ತಾಯಿ, ಅವಳಿನ್ನೂ ತೊಟ್ಟಿಲಲ್ಲಿದ್ದಾಗ. ಆ ತಾಯಿ ಮುಂದೆ ಹೆಚ್ಚು ದಿನ ಬದುಕಲಿಲ್ಲ. ತವರಿನದೆಂದು ಅಜ್ಜಿಯ ಬಳಿ ಉಳಿದದ್ದು ಅದೊಂದೇ. ಕಪ್ಪಗೆ, ನೆಲ್ಲಿಕಾಯಿಯಷ್ಟು ಇತ್ತು. ಅದನ್ನು ಮಾಸಿದ ಕೆಂಪು ಅರಿವೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಿರುತ್ತಿದ್ದಳು. ಬೆಳಿಗ್ಗೆ ಮಿಂದು ಬಂದು, ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು ಕೂತಳೆಂದರೆ ಮನೆಯಲ್ಲಿ ಯಾರೂ ಅವಳನ್ನು ಕರೆಯುವಂತಿರಲಿಲ್ಲ. ಪೂಜೆ ಆಗದೆ ಒಂದು ಗುಟುಕು ನೀರೂ ಇಳಿಯುತ್ತಿರಲಿಲ್ಲ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಮಂತ್ರ ಗಿಂತ್ರ ಏನೂ ಇಲ್ಲ, ಅಜ್ಜಿ ಅದರ ಜೊತೆ ಮಾತಾಡುತ್ತಿದ್ದಳು. ಸೊಸೆಯ ಸಿಡುಕು, ಮಗನ ಕೆಮ್ಮು, ಸತ್ತುಹೋದ ತನ್ನ ಎರಡು ಹೆಣ್ಣು ಕೂಸುಗಳು, ಎಲ್ಲ ಹೇಳುತ್ತ ಹೆಬ್ಬೆಟ್ಟಿನಿಂದ ಅದರ ಒಂದು ಮಗ್ಗುಲನ್ನು ಸವರುತ್ತಿದ್ದಳು. ಆ ಮಗ್ಗುಲು ಸವೆದು ಸಣ್ಣಗೆ ತಗ್ಗು ಬಿದ್ದಿತ್ತು. ಒಮ್ಮೆ ನನ್ನ ಬೆರಳು ಹಿಡಿದು ಅಲ್ಲಿ ಮುಟ್ಟಿಸಿದ್ದಳು. ಮುಟ್ಟಿದರೆ ಬೆಚ್ಚಗಿತ್ತು.

ಆ ಅರಿವೆ ಗಂಟು ಅಪ್ಪನಿಗೆ ಕಣ್ಣುಕಿಸುರಾಯಿತು. ಬೊಂಬಾಯಿಯಿಂದ ಹತ್ತಿ ಕೊಳ್ಳುವವರು ಬರುತ್ತಾರೆ, ಸಾಹುಕಾರರ ತಾಯಿ ಕೂಲಿಯವಳ ಹಾಗೆ ಗಂಟು ಕಟ್ಟಿಕೊಂಡು ಎದುರಾಗುತ್ತಾಳೆ. ಪೇಟೆಯ ಅಕ್ಕಸಾಲಿಗನ ಬಳಿ ಕೂತು, ಬಸವಣ್ಣನನ್ನು ಹೀಗೇ ಕೆತ್ತು, ಸರಪಳಿ ಹೀಗೇ ಇರಲಿ ಎಂದು ಹೇಳಿ ಹೇಳಿ ಈ ಕರಡಿಗೆಯನ್ನು ಮಾಡಿಸಿ ತಂದ.

"ಯವ್ವಾ, ಆ ಚಿಂದಿ ಬಿಚ್ಚು. ನಿನಗಂತ ಮಾಡಿಸೀನಿ" ಎಂದ.

"ಅದಕ್ಕೆ ಯಾಕಪ್ಪ ಬೆಳ್ಳಿ? ಅದೇನು ಬೇಡೈತಾ?"

"ಅದು ಬೇಡದಿದ್ರೆ ನಾನು ಬೇಡ್ತೀನಿ. ನಂಗೂ ಮರ್ವಾದಿ ಐತೆ."

ಅಜ್ಜಿ ಮಗನ ಮುಖ ನೋಡಿದಳು. ಅವನು ಹಟ ಹಿಡಿದ ಮಗುವಿನ ಹಾಗೆ ನಿಂತಿದ್ದ. ಸರಿ ಎಂದಳು. ಕೆಂಪು ಅರಿವೆಯನ್ನು ಒಗೆದು ಒಣಗಿಸಿ ದಿಂಬಿನ ಕೆಳಗೆ ಇಟ್ಟುಕೊಂಡಳು. ಕರಡಿಗೆ ಭಾರವಾಗಿತ್ತು, ಬಗ್ಗಿದರೆ ಎದೆಗೆ ಬಡಿಯುತ್ತಿತ್ತು. ಅಪ್ಪ ಮಾತ್ರ ಬಂದವರಿಗೆಲ್ಲ "ನಮ್ಮವ್ವ" ಎಂದು ಕರೆದು ತೋರಿಸಿದ. ಅಷ್ಟು ಹೆಮ್ಮೆಯಿಂದ ಅವಳನ್ನು ಅವನು ಯಾರಿಗೂ ಹಿಂದೆ ತೋರಿಸಿದ್ದನ್ನು ನಾನು ನೋಡಿರಲಿಲ್ಲ.

ಶ್ರಾವಣದಲ್ಲಿ ಹರಿಹರಕ್ಕೆ ಹೋಗಿ ಹೊಳೆಯಲ್ಲಿ ಮೀಯುವುದು ಅಜ್ಜಿಯ ರೂಢಿ. ಆ ಸಲ ನನ್ನನ್ನೂ ಕರೆದುಕೊಂಡಿದ್ದಳು, ನನಗಾಗ ಒಂಬತ್ತೋ ಹತ್ತೋ. ತುಂಗಭದ್ರೆ ಕೆಂಪಗೆ ತುಂಬಿ ಮೆಟ್ಟಿಲು ನುಂಗಿ ಹರಿಯುತ್ತಿದ್ದಳು. ಮಿಂದು ಒದ್ದೆ ಸೀರೆಯಲ್ಲಿ ಮೇಲೆ ಹತ್ತುವಾಗ ಹಿಂದಿನಿಂದ ಒಬ್ಬ, "ಜಾರ್ತೈತೆ ಅಜ್ಜೀ, ಕೈ ಕೊಡ್ರಿ" ಎಂದು ತೋಳು ಹಿಡಿದು ಹತ್ತಿಸಿದ. "ತಣ್ಣಗಿರಪ್ಪ" ಎಂದು ಅಜ್ಜಿ ಅವನನ್ನು ಹರಸಿದಳು. ಸೆರಗು ಹಿಂಡಿ ಹೊದ್ದುಕೊಳ್ಳಲು ಎದೆಯ ಮೇಲೆ ಕೈ ತಂದವಳು ಹಾಗೇ ನಿಂತುಬಿಟ್ಟಳು. ಕರಡಿಗೆ ಇರಲಿಲ್ಲ. ಮಗು ಕೈತಪ್ಪಿ ಹೋದ ತಾಯಿ ಸುತ್ತ ನೋಡುತ್ತಾಳಲ್ಲ, ಹಾಗೆ ನೋಡಿದಳು. ಆ ನೋಟವನ್ನು ನಾನು ಇನ್ನೂ ಮರೆತಿಲ್ಲ.

ಸುದ್ದಿ ಮುಟ್ಟಿ ಅಪ್ಪ ಹರಿಹರಕ್ಕೆ ಓಡಿಬಂದ. ಆಗಿನ್ನೂ ಊರಲ್ಲಿ ಡಂಗುರ ಸಾರುತ್ತಿದ್ದ ಕಾಲ. ಹಲಗೆಯವನನ್ನು ಕರೆಸಿದರು.

"ಏನಂತ ಸಾರ್ಲಿ ಸಾಹುಕಾರ್ರೇ?"

ಅಪ್ಪ ಒಂದೇ ಉಸಿರಿಗೆ ಹೇಳಿದ. ಅಪ್ಪಟ ಬೆಳ್ಳಿ, ಮುಚ್ಚಳದ ಮೇಲೆ ಬಸವಣ್ಣ, ಬಸವಣ್ಣನ ಕೊರಳಲ್ಲಿ ಗೆಜ್ಜೆ, ಹೆಣೆದ ಸರಪಳಿ, ತಂದುಕೊಟ್ಟವರಿಗೆ ಇನಾಮು.

"ಒಳಗಿನ ಲಿಂಗ ಹೆಂಗಿತ್ರೀ?"

"ಲಿಂಗ ಹೆಂಗಿರ್ತೈತೋ ಹಂಗೇ ಇತ್ತು. ನೀ ಬೆಳ್ಳೀದು ಸಾರು, ಸಾಕು" ಎಂದು ಅಪ್ಪ ಗದರಿದ. ಹಲಗೆಯ ಸದ್ದು ಸಂದಿಗೊಂದಿ ಸುತ್ತಿತು. ಅಲ್ಲೇ ಯಾರದೋ ಮನೆಯ ಜಗುಲಿಯ ಮೇಲೆ ಕೂತಿದ್ದ ಅಜ್ಜಿ ಕೊನೆಯವರೆಗೂ ಕಿವಿಗೊಟ್ಟು ಕೇಳಿ, "ಬೆಳ್ಳೀನೇ ಸಾರ್ತಾನಲ್ಲ" ಎಂದಳು, ಯಾರಿಗೂ ಅಲ್ಲ.

ದಾವಣಗೆರೆಗೆ ಬಂದ ಮೇಲೆ ಅವಳು ಏನನ್ನೂ ಮುಟ್ಟಲಿಲ್ಲ. ಲಿಂಗವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಊಟವಿಲ್ಲ. ಅಮ್ಮ ಬಟ್ಟೆ ಅದ್ದಿ ತುಟಿಗಾದರೂ ಒತ್ತುತ್ತೇನೆಂದರೆ ಮುಖ ತಿರುಗಿಸುತ್ತಿದ್ದಳು. ಮಠದ ಸ್ವಾಮಿಗಳೇ ಮನೆಗೆ ಬಂದರು. ಹೋದರೆ ಇನ್ನೊಂದು ಕಟ್ಟಬಹುದು, ದೋಷವಿಲ್ಲ, ಜೀವ ಉಳಿಸಿಕೊಳ್ಳಬೇಕು ಎಂದು ತಿಳಿಹೇಳಿದರು. ಅಜ್ಜಿ ಕೈಮುಗಿದಳು.

"ನೀವು ಹೇಳಿದ್ದು ಖರೆ ಐತೆ ಬುದ್ಧೀ. ಆದ್ರೆ ನನ್ನ ಮಗ ಹುಡುಕಾಕೆ ಹೋಗ್ಯಾನೆ. ಅವ್ನು ತರ್ತಾನೆ. ಅವ್ನು ಬರಗಂಟ ಕಾಯ್ತೀನಿ."

ಅಪ್ಪ ನಿಜಕ್ಕೂ ಮಂಡಿಯ ಬಾಗಿಲು ಹಾಕಿ ಹುಡುಕುತ್ತಿದ್ದ. ಹರಿಹರ, ಬಾತಿ, ಸಂತೆ, ರೈಲು ನಿಲ್ದಾಣ, ಕಾಲಿಟ್ಟಲ್ಲೆಲ್ಲ ವಿಚಾರಿಸಿದ. ಕಡೆಗೆ ಮೂರನೆಯ ದಿನ, ಕರಡಿಗೆ ಮಾಡಿದ್ದ ಅಕ್ಕಸಾಲಿಗನ ಅಂಗಡಿಗೇ ಅದು ಮಾರಾಟಕ್ಕೆ ಬಂತು. ಅವನು ತನ್ನ ಕೆಲಸವನ್ನು ಗುರುತು ಹಿಡಿದು, ಮಾರಲು ಬಂದವನನ್ನು ನಾಲ್ಕು ಜನರಿಂದ ಹಿಡಿಸಿ ಕೂರಿಸಿ, ಅಪ್ಪನಿಗೆ ಹೇಳಿಕಳಿಸಿದ. ಸ್ವಲ್ಪ ಹೊತ್ತಿಗೆ ಅಪ್ಪ ಅಂಗಳದಿಂದಲೇ ಕೂಗುತ್ತ ಬಂದ. "ಸಿಕ್ತು ಯವ್ವಾ! ಸಿಕ್ತು!" ನಾವೆಲ್ಲ ಅಜ್ಜಿಯ ಕೋಣೆಗೆ ಓಡಿದೆವು. ಅಮ್ಮ ಅಳುತ್ತ ನಗುತ್ತ ಅವಳನ್ನು ಎಬ್ಬಿಸಿ ಗೋಡೆಗೆ ಒರಗಿಸಿದಳು. ಅಜ್ಜಿಯ ಕಣ್ಣಿಗೆ ಎಲ್ಲಿಂದಲೋ ಜೀವ ಬಂತು. ಕರಡಿಗೆ ಕೈಗೆ ತೆಗೆದುಕೊಂಡು ಮುಚ್ಚಳ ತಿರುಗಿಸಿದಳು.

ಒಳಗೆ ಏನೂ ಇರಲಿಲ್ಲ. ತಳದಲ್ಲಿ ಚಿಟಿಕೆ ವಿಭೂತಿ ಅಂಟಿಕೊಂಡಿತ್ತು, ಅಷ್ಟೆ.

ಅಪ್ಪ ಅದನ್ನು ತೆರೆದೇ ಇರಲಿಲ್ಲ. ಬಸವಣ್ಣನ ಗೆಜ್ಜೆ ನೋಡಿದ್ದ, ಸರಪಳಿಯ ಕೊಂಡಿ ನೋಡಿದ್ದ, ಅಂಗೈಯಲ್ಲಿಟ್ಟು ತೂಗಿ ನೋಡಿದ್ದ. ಎಲ್ಲ ಸರಿಯಾಗಿದೆ ಎಂದು ಎತ್ತಿಕೊಂಡು ಓಡಿಬಂದಿದ್ದ. ಅಜ್ಜಿ ಮುಚ್ಚಳ ಹಾಕಿದಳು. ಆಮೇಲೆ ಮಗನ ಗಲ್ಲ ಸವರಿ ಹೇಳಿದಳು. "ಮನಿ ಸಿಕ್ಕೈತೆ ಬಿಡಪ್ಪ. ಮನ್ಯಾಗಿದ್ದೋರು ಇಲ್ಲ."

ಅಪ್ಪ ಬಂದ ಕಾಲಲ್ಲೇ ಮತ್ತೆ ಪೇಟೆಗೆ ಓಡಿದ. ಸಿಕ್ಕಿಬಿದ್ದಿದ್ದ ಕಳ್ಳ ಹೇಳಿದ್ದು ಇಷ್ಟು. ಅಲ್ಲೇ ಹೊಳೆಯ ದಂಡೆಯಲ್ಲಿ ಮುಚ್ಚಳ ತೆಗೆದು ನೋಡಿದೆ, ಬೆಳ್ಳಿ ಕದಿಯುವವನಿಗೂ ಲಿಂಗ ಇಟ್ಟುಕೊಳ್ಳಲು ಅಂಜಿಕೆಯಾಯಿತು, ಹೊಳೆಗೆ ಬಿಟ್ಟು ಕೈಮುಗಿದೆ. ಅಪ್ಪ ಅವನಿಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಮನೆಗೆ ಬಂದು ಅಂಡಿಗೆಗಳ ನಡುವೆ ಕೂತು ಅಮ್ಮನಿಗೆ ಹೇಳಿದ. "ಆ ಕಳ್ಳನಾದ್ರೂ ತೆಗೆದು ನೋಡ್ಯಾನೆ ಕಣೇ. ನಾನು ನೋಡ್ಲಿಲ್ಲ."

ಸ್ವಾಮಿಗಳು ಮತ್ತೆ ಬಂದು ಹೊಸ ಲಿಂಗ ಕಟ್ಟಿದರು. ಅಜ್ಜಿ ಬೇಡವೆನ್ನಲಿಲ್ಲ. ಪೂಜೆ ಮಾಡಿ, ಮಗನ ಸಮಾಧಾನಕ್ಕೆ ಎರಡು ಗುಟುಕು ಮಜ್ಜಿಗೆ ಬಾಯಿಗೆ ಹಾಕಿಕೊಂಡಳು. ಆದರೆ ಅದರ ಜೊತೆ ಅವಳು ಮಾತಾಡಲಿಲ್ಲ. ಹೆಬ್ಬೆಟ್ಟು ಅಭ್ಯಾಸದಂತೆ ಹೋಗಿ ಮಗ್ಗುಲು ಸವರುತ್ತಿತ್ತು, ತಗ್ಗು ಸಿಗದೆ ನಿಲ್ಲುತ್ತಿತ್ತು. ಜ್ವರ ಬಂತು. ಶ್ರಾವಣ ಮುಗಿಯುವ ಮೊದಲೇ ಅವಳೂ ಹೋದಳು. ಗದ್ದುಗೆಯಲ್ಲಿ ಕೂರಿಸಿ ಎಡಗೈಯಲ್ಲಿ ಹೊಸ ಲಿಂಗವಿಟ್ಟಾಗ ಆ ಕೈ ನನಗೆ ಬೇರೆ ಯಾರದೋ ಕೈಯಂತೆ ಕಂಡಿತು.

ಅಪ್ಪ ಅವಳ ದಿಂಬಿನ ಕೆಳಗಿದ್ದ ಕೆಂಪು ಅರಿವೆ ತೆಗೆದುಕೊಂಡು ತನ್ನ ಲಿಂಗವನ್ನು ಅದರಲ್ಲಿ ಕಟ್ಟಿಕೊಂಡ. ಬೊಂಬಾಯಿಯವರು ಬಂದಾಗಲೂ ಬಿಚ್ಚಲಿಲ್ಲ. ಮಂಡಿಯ ಮೇಲಿನ ಲಕ್ಷ್ಯ ತಪ್ಪಿತು, ವ್ಯಾಪಾರ ಒಂದೊಂದೇ ಮೆಟ್ಟಿಲು ಇಳಿಯಿತು. ಅಂಡಿಗೆ, ತಕ್ಕಡಿ, ಜಮಖಾನೆ, ಆ ಮನೆ, ಎಲ್ಲ ಹೋದವು. ಈಗ ಆ ಜಾಗದಲ್ಲಿ ಬಟ್ಟೆ ಅಂಗಡಿಗಳ ಸಾಲು, ಗಾಳಿಯಲ್ಲಿ ಒಂದೆಳೆ ಹತ್ತಿಯಿಲ್ಲ.

ಬೇಸಿಗೆಯಲ್ಲಿ ಹೊಳೆ ಬತ್ತಿ ಮರಳು ಬಿದ್ದಾಗ ಅಪ್ಪ ಹರಿಹರಕ್ಕೆ ಹೋಗುತ್ತಿದ್ದ. ಮದುವೆಗೆ ಮುಂಚೆ ನಾನೂ ಜೊತೆಗೆ ಹೋಗಿದ್ದೇನೆ. ಪಂಚೆ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿನಲ್ಲಿ, ಅಂಗಾಲಿನಿಂದ ಮರಳು ತಡವುತ್ತ ನಿಧಾನಕ್ಕೆ ನಡೆಯುತ್ತಿದ್ದ. ಬಟ್ಟೆ ಒಗೆಯುವ ಹೆಂಗಸೊಬ್ಬಳು ಒಮ್ಮೆ, "ಏನು ಕಳಕಂಡೀರಿ ಯಜಮಾನ್ರೇ, ಬಂಗಾರವಾ?" ಎಂದು ಕೇಳಿದಳು. "ಅಲ್ಲವ್ವ. ನಮ್ಮವ್ವಂದು ಒಂದು ಬಿದ್ದೈತೆ" ಎಂದ. ಕಾಲಿಗೆ ದುಂಡಗಿನದೇನಾದರೂ ತಗುಲಿದರೆ ಬಗ್ಗಿ ಎತ್ತಿ, ತೊಳೆದು, ಕಣ್ಣು ಮುಚ್ಚಿ ಹೆಬ್ಬೆಟ್ಟಿನಿಂದ ಒಂದು ಮಗ್ಗುಲನ್ನು ಸವರಿ ನೋಡುತ್ತಿದ್ದ. ಅಲ್ಲೊಂದು ತಗ್ಗು ಇರಬೇಕೆಂದು ನಾನೇ ಅವನಿಗೆ ಹೇಳಿದ್ದೆ. ಬರೀ ಹೊಳೆಯ ಕಲ್ಲಾಗಿರುತ್ತಿತ್ತು. ಮೆಲ್ಲಗೆ ನೀರಿಗೆ ಬಿಟ್ಟು ಮುಂದೆ ನಡೆಯುತ್ತಿದ್ದ.